ಗೃಹೋಪಯೋಗಿ ವಿಚಾರಗಳು: ದೊಡ್ಡ ಕಡತಗಳ ಸಾಗಾಟ

ಕಡತವೆಂಬ ಶಬ್ದವು ಕನ್ನಡಿಗರಿಗೆ ಹೊಸದಲ್ಲ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿಯ ಪುಡಿಯನ್ನೂ ಬಳಿದು, ಒಣಗಿಸಿ ಮಡಿಸಿ, ಅದರ ಮೇಲೆ ಬಳಪದಿಂದ ಲೆಕ್ಕಪತ್ರಗಳನ್ನು ಬರೆದಿಡುತ್ತಿದ್ದ ಕಾಲದಿಂದಲೂ ಆ ಹೆಸರು ನಮ್ಮಲ್ಲಿ ರೂಢವಾಗಿರುವುದು. ಅಂಥ ಕಡತವನ್ನು ಯಾವ ಊರಿಗೆ ಒಯ್ದರೂ ಅಕ್ಷರಜ್ಞನಾದವನು ಬಿಚ್ಚಿ ಓದಬಲ್ಲನು. ಇಂದಿನ ಗಣಕಯಂತ್ರದ ಕಡತಕ್ಕೆ ಈ ಸ್ವಾತಂತ್ರ್ಯವಿಲ್ಲ. ಅದನ್ನು ಬರೆದ ಯಂತ್ರದ ವ್ಯವಸ್ಥೆ ಒಂದು, ಓದಬೇಕಾದ ಯಂತ್ರದ ವ್ಯವಸ್ಥೆ ಇನ್ನೊಂದು ಆದಲ್ಲಿ ಅನೇಕ ವಿಘ್ನಗಳು ಒದಗುವವು.

ನಮ್ಮ ಹಿಡಕಲ್ಲಿನ ಸುತ್ತಿನವರಿಗೆ ಈ ವಿಷಯವು ಕೇವಲ ಕುತೂಹಲದ್ದಲ್ಲ. ಘಟಪ್ರಭೆಗೆ ಕಟ್ಟಿದ ರಾಜಾ ಲಖಮಗೌಡ ಜಲಾಶಯವು 1977ರಲ್ಲಿ ಸಿದ್ಧವಾಯಿತು. ಅದರ ಹಿನ್ನೀರಿನಲ್ಲಿ ಹುನ್ನೂರಿನ ವಿಠ್ಠಲ ದೇವಾಲಯವು ಮುಳುಗಿತು. ಬೇಸಗೆಯಲ್ಲಿ ನೀರು ತಗ್ಗಿದಾಗ ಆ ಗುಡಿಯು ಮೇಲೆ ಕಾಣುವುದು. ಜನರು ಹೋಗಿ ದರ್ಶನ ಪಡೆದು, ಚಲಚ್ಚಿತ್ರ ತೆಗೆದುಕೊಂಡು ಬರುವರು. ಊರು ಬಿಟ್ಟು ಪುಣೆ, ಬೆಂಗಳೂರು, ಪರದೇಶಗಳಲ್ಲಿ ನೆಲೆಸಿದ ಮಕ್ಕಳಿಗೆ ಅದನ್ನು ಕಳಿಸುವ ಆಶೆ ಹಿರಿಯರಿಗೆ ಸಹಜವಾದದ್ದು. ಮನೆಯಲ್ಲಿ ವಿಂಡೋಸ್ ಯಂತ್ರ, ಮಗನ ಹತ್ತಿರ ಮ್ಯಾಕ್, ಮೊಮ್ಮಗಳ ಕಾಲೇಜಿನಲ್ಲಿ ಲಿನಕ್ಸ್ ಇದ್ದರೆ ತೊಡಕು ಆರಂಭವಾಗುವುದು.

ಮೊದಲನೆಯ ತೊಡಕು ಹೀಗಿದೆ. ಪೆನ್‌ಡ್ರೈವಿನಲ್ಲಿ 32 ಗಿಗಾಬೈಟಿನಷ್ಟು ಸ್ಥಳ ಬರಿದಾಗಿದ್ದರೂ 5 ಗಿಗಾಬೈಟಿನ ಒಂದು ಚಿತ್ರವನ್ನು ಅದು ಸ್ವೀಕರಿಸದು. ಕಡತವು ಬಹಳ ದೊಡ್ಡದೆಂದು ಹೇಳಿ ನಿಂತುಬಿಡುವುದು. ಕಣಜವು ದೊಡ್ಡದಿದ್ದರೂ ಬಾಗಿಲು ಚಿಕ್ಕದಾದರೆ ಹೇಗೋ ಹಾಗೆ. ಅನೇಕ ಪೆನ್‌ಡ್ರೈವುಗಳಲ್ಲಿ ಫ್ಯಾಟ್-32 ಎಂಬ, 1996ರಿಂದ ಬಳಕೆಯಲ್ಲಿರುವ ವಿನ್ಯಾಸವಿರುವುದು. ಅದು ಪ್ರತಿಯೊಂದು ಕಡತದ ಅಳತೆಯನ್ನು 32 ದ್ವಿಮಾನ ಅಂಕೆಗಳಲ್ಲಿ ಬರೆದಿಡುತ್ತದೆ. ಅಷ್ಟು ಅಂಕೆಗಳಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆಯು 4,29,49,67,295. ಇಷ್ಟು ಬೈಟುಗಳು, ಎಂದರೆ 4 ಗಿಗಾಬೈಟಿಗೆ ಒಂದು ಬೈಟು ಕಡಿಮೆ, ಅದರ ಮೇರೆ. ಅದನ್ನು ಮೀರಿದ ಒಂದೇ ಕಡತವು ಅದರಲ್ಲಿ ಹಿಡಿಯದು.

ಎರಡನೆಯ ತೊಡಕು ವ್ಯವಸ್ಥೆಗಳ ಭೇದದ್ದು. ವಿಂಡೋಸಿನ ಎನ್‌ಟಿಎಫ್‌ಎಸ್ ವಿನ್ಯಾಸವನ್ನು ಮ್ಯಾಕ್ ಓದುವುದು. ಆದರೆ ಬೇರೆ ಸಲಕರಣೆಯಿಲ್ಲದೆ ಅದರಲ್ಲಿ ಬರೆಯದು. ಮ್ಯಾಕಿನವರು 2017ರಲ್ಲಿ ತಂದ ಎಪಿಎಫ್‌ಎಸ್ ವಿನ್ಯಾಸವನ್ನಂತೂ ವಿಂಡೋಸ್ ತಾನಾಗಿ ಓದಲಾರದು. ನಮ್ಮ ಭಾಗದ ಹಿರಿಯರಿಗೆ ಇದರ ದೃಷ್ಟಾಂತವು ಮಿರಜಿನಲ್ಲಿಯೇ ಉಂಟು. ಪುಣೆಯ ಕಡೆಯಿಂದ ಮಿರಜಿನವರೆಗೆ ಅಗಲವಾದ ಹಳಿಯೂ, ಅಲ್ಲಿಂದ ಘಟಪ್ರಭಾ, ಬೆಳಗಾವಿಗಳ ಕಡೆಗೆ ಮೀಟರ್ ಹಳಿಯೂ ಇದ್ದ ವರ್ಷಗಳಲ್ಲಿ ಗಾಡಿಯು ಮುಂದೆ ಬರುತ್ತಿರಲಿಲ್ಲ. ಜನರೂ ಸರಕೂ ಇಳಿದು ಬೇರೆ ಗಾಡಿಯನ್ನು ಏರಬೇಕಾಗುತ್ತಿತ್ತು. ಒಂದರ ಅಗಲ 1676 ಮಿಲಿಮೀಟರು, ಇನ್ನೊಂದರದು 1000. ಸರಕಿನಲ್ಲಿ ದೋಷವಿರಲಿಲ್ಲ, ಹಳಿಗಳು ಬೇರೆಯಾಗಿದ್ದವು, ಅಷ್ಟೇ.

ಎಲ್ಲ ಯಂತ್ರಗಳಿಗೂ ಸಲ್ಲುವ ಹಳಿಯೊಂದು ಈಗ ಇದೆ. ಅದರ ಹೆಸರು ಎಕ್ಸ್‌ಫ್ಯಾಟ್. ಮೈಕ್ರೋಸಾಫ್ಟ್ ಸಂಸ್ಥೆಯು ಇದನ್ನು 2006ರಲ್ಲಿ ಹೊರತಂದಿತು. 2010ರಿಂದ ಮ್ಯಾಕಿನಲ್ಲಿಯೂ ಇದು ನಡೆಯುವುದು. 2019ರಲ್ಲಿ ಇದರ ವಿವರಗಳನ್ನು ಪ್ರಕಟಿಸಿದ ಬಳಿಕ ಲಿನಕ್ಸಿನ ತಿರುಳಿನಲ್ಲಿಯೂ ಸೇರಿತು. ಇದರಲ್ಲಿ 4 ಗಿಗಾಬೈಟಿನ ಕಟ್ಟಿಲ್ಲ. ಆದರೆ ಪೆನ್‌ಡ್ರೈವಿಗೆ ಈ ವಿನ್ಯಾಸವನ್ನು ಕೊಡುವುದೆಂದರೆ ಅದನ್ನು ಫಾರ್ಮ್ಯಾಟ್ ಮಾಡುವುದು. ಹಾಗೆ ಮಾಡಿದಾಗ ಅದರಲ್ಲಿದ್ದುದೆಲ್ಲವೂ ಅಳಿಯುವುದು. ಆದ್ದರಿಂದ ಒಳಗಿರುವುದನ್ನು ಮೊದಲು ಬೇರೆಡೆಗೆ ತೆಗೆದಿಟ್ಟು, ತೆರೆದು ನೋಡಿ, ಆ ಮೇಲೆ ಮಾತ್ರ ಈ ಕೆಲಸಕ್ಕೆ ಕೈಹಾಕತಕ್ಕದ್ದು. ತೀರಿಹೋದ ಅಜ್ಜಿಯ ಧ್ವನಿಯುಳ್ಳ ಏಕಮಾತ್ರ ಪ್ರತಿಯು ಅದರಲ್ಲಿದ್ದರೆ, ಅವಸರದ ಒಂದು ಒತ್ತುವಿಕೆಯಿಂದ ಅದು ಹೋಗಿಬಿಡುವುದು. ಮುಳುಗಿದ ಗುಡಿಯಾದರೂ ಬೇಸಗೆಗೆ ಮೇಲೆ ಬರುತ್ತದೆ. ಹೀಗೆ ಅಳಿದುದು ಮರಳಿ ಬರುವುದೆಂಬ ಭರವಸೆಯಿಲ್ಲ.

ಇನ್ನೊಂದು ಎಚ್ಚರಿಕೆ. ಬರೆಯುತ್ತಿರುವಾಗ ಪೆನ್‌ಡ್ರೈವನ್ನು ಕಿತ್ತುಬಿಡಬಾರದು. ಹೊರತೆಗೆಯುವ ಆಜ್ಞೆಯನ್ನು ಕೊಟ್ಟು, ಯಂತ್ರವು ಒಪ್ಪಿದ ಮೇಲೆಯೇ ತೆಗೆಯಬೇಕು. ಎಕ್ಸ್‌ಫ್ಯಾಟಿನಲ್ಲಿ ಅರ್ಧಕ್ಕೆ ನಿಂತ ಬರವಣಿಗೆಯನ್ನು ಸರಿಪಡಿಸಿಕೊಳ್ಳುವ ದಿನಚರಿಯ ಏರ್ಪಾಡಿಲ್ಲ.

ಪೆನ್‌ಡ್ರೈವಿಲ್ಲದೆ ಕಳಿಸುವುದಾದರೆ, ವಾಟ್ಸಾಪಿನಲ್ಲಿ ಚಿತ್ರವಾಗಿ ಕಳಿಸಿದ ಕಡತವು ಕುಗ್ಗಿ ಮಸುಕಾಗುವುದೆಂದು ತಿಳಿದಿರಬೇಕು. ಅದನ್ನೇ ದಸ್ತಾವೇಜಾಗಿ ಕಳಿಸಿದರೆ ಇದ್ದಂತೆಯೇ ತಲುಪುವುದು; 2022ರಿಂದ ಇದರ ಮೇರೆ 2 ಗಿಗಾಬೈಟು. ಅದಕ್ಕಿಂತ ದೊಡ್ಡದಾದರೆ 7-ಜಿಪ್‌ನಂಥ ಸಲಕರಣೆಯಿಂದ ಕಡತವನ್ನು ತುಂಡುಗಳಾಗಿ ಕಳಿಸಿ, ಅಲ್ಲಿ ಜೋಡಿಸಿಕೊಳ್ಳಬಹುದು. ಆದರೆ ಒಂದು ತುಂಡು ತಪ್ಪಿದರೂ ಇಡೀ ಕಡತವು ಕೂಡಿಬಾರದು.

ಪತ್ರ, ವಂಶಾವಳಿ ಮುಂತಾದ ಬರಹಗಳಲ್ಲಿ ಮತ್ತೊಂದು ಸಂಗತಿಯುಂಟು. ಹಳೆಯ ನುಡಿ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಕನ್ನಡವು, ಆ ಅಕ್ಷರಗಳಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುವುದು. ಯೂನಿಕೋಡಿನಲ್ಲಿ 1991ರಿಂದಲೇ ಕನ್ನಡಕ್ಕೆ ಸ್ಥಾನವಿದೆ. ಬರಹವನ್ನು ಅದಕ್ಕೆ ಪರಿವರ್ತಿಸಿ ಕಳಿಸಿದರೆ ಎಲ್ಲ ವ್ಯವಸ್ಥೆಗಳೂ ಓದುವವು.

ಕಳಿಸಿದ ಬಳಿಕ ಎರಡೂ ಕಡೆಯ ಬೈಟುಗಳ ಸಂಖ್ಯೆಯನ್ನು ತಾಳೆ ನೋಡಬೇಕು. ತಲುಪಿದವರು ಚಿತ್ರವನ್ನು ಮೊದಲಿನಿಂದ ಕೊನೆಯವರೆಗೆ ನೋಡಿ ತಿಳಿಸುವ ತನಕ ಮೂಲವನ್ನು ಅಳಿಸಬಾರದು. ಮದುವೆಯಲ್ಲಿ ಕೊಟ್ಟ ಮುಯ್ಯಿಯ ಲೆಕ್ಕವನ್ನು ತಪ್ಪದೆ ಬರೆದಿಡುವ ನಮ್ಮ ಗೃಹಿಣಿಯರಿಗೆ ಈ ಶಿಸ್ತು ಭಾರವಾಗದೆಂದು ನಂಬಿದ್ದೇವೆ. ಅಲಂ ವಿಸ್ತರೇಣ.