ಎಷ್ಟು ವರ್ಷ ಅತಿಥಿ?

ನಮ್ಮಕ್ಕ ಮೂರು ವರ್ಷದಿಂದ ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಪಾಠ ಮಾಡೋದು, ಪೇಪರ್ ತಿದ್ದೋದು ಎಲ್ಲಾ ಕಾಯಂ ಟೀಚರ್ ಥರಾನೇ. ಆದ್ರೆ ಬೇಸಿಗೆ ರಜೆಯಲ್ಲಿ ಗೌರವಧನ ಇಲ್ಲ, ಜೂನ್ ಬಂದ್ರೆ ಮತ್ತೆ ಹೊಸ ಅರ್ಜಿ. "ಹೀಗೇ ಮಾಡ್ತಿರು, ಒಂದಿನ ಪರ್ಮನೆಂಟ್ ಆಗುತ್ತೆ" ಅಂತಾರೆ ಅಮ್ಮ. ತಾನಾಗೇ ಆಗಲ್ಲ. 2022ರಲ್ಲಿ 6ರಿಂದ 8ನೇ ತರಗತಿಗೆ 15,000 ಶಿಕ್ಷಕರ ಹುದ್ದೆ ಕರೆದಾಗ ಸಿಇಟಿ, ಟಿಇಟಿ, ಡಿಗ್ರಿ, ಬಿ.ಎಡ್. ಅಂಕಗಳನ್ನ ನೋಡಿದ್ರು, ಪಾಠ ಮಾಡಿದ ವರ್ಷಗಳಿಗೆ ಅಂಕ ಇರಲಿಲ್ಲ. ಪರೀಕ್ಷೆ ಬೇಡ ಅಂತಿಲ್ಲ, ಅನುಭವಕ್ಕೂ ಒಂದಿಷ್ಟು ಅಂಕ ಕೊಡಲಿ. ಅಲ್ಲಿವರೆಗೆ, ಬಿ.ಇ. ಮುಗಿಸಿ ಟೀಚಿಂಗ್‌ಗೆ ಹೋಗೋ ಆಸೆ ಇರೋರು ಒಂದು ವರ್ಷ ಅತಿಥಿಯಾಗಿ ನೋಡಿ, ತಪ್ಪಿಲ್ಲ. ಆದ್ರೆ ಬಿ.ಎಡ್., ಟಿಇಟಿ ಮುಂದೂಡಬೇಡಿ. ಅಕ್ಕ ಈಗ ರಾತ್ರಿ ಹನ್ನೊಂದಕ್ಕೆ ಓದೋಕೆ ಕೂರ್ತಾಳೆ.