ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೊನೆಯ ಗಳಿಗೆ

ಘನತೆಯಿಂದ ಸಾಯುವ ಹಕ್ಕೂ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪಿತ್ತಿತು. 2023ರಲ್ಲಿ ಅದರ ವಿಧಿವಿಧಾನಗಳನ್ನು ಸರಳಗೊಳಿಸಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಅದರ ಜಾರಿಗೆ ಸುತ್ತೋಲೆ ಹೊರಡಿಸಿತು. ಚೇತರಿಕೆಯ ಆಸೆಯಿಲ್ಲದ ರೋಗಿಯ ಕೃತಕ ಜೀವಾಧಾರವನ್ನು ನಿಲ್ಲಿಸಲು ಎರಡು ವೈದ್ಯಕೀಯ ಮಂಡಳಿಗಳ ಒಪ್ಪಿಗೆ ಬೇಕು. ಆದರೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಬರುವ ಕೆಲವರಿಗೆ ಉಳಿದಿರುವುದು ಅರ್ಧ ಗಂಟೆ ಮಾತ್ರ. ಅಲ್ಲಿ ಅವರ ಘನತೆಯನ್ನು ಕಾಯುವವರು ಯಾರು?

ಧರ್ಮಸಭೆಯ ಬೋಧನೆ ಸ್ಪಷ್ಟವಾಗಿದೆ. ದಯಾಮರಣದ ಹೆಸರಿನಲ್ಲಿ ಕೊಲ್ಲುವುದು ಬೇರೆ. ತಡೆಯಲಾಗದ ಸಾವನ್ನು ಒಪ್ಪಿಕೊಳ್ಳುವುದು ಬೇರೆ. ಅತಿಯಾದ ಹೊರೆಯಾಗುವ ಅಸಾಧಾರಣ ಚಿಕಿತ್ಸೆ ಕಡ್ಡಾಯವಲ್ಲವೆಂದು ಪೋಪ್ ಹನ್ನೆರಡನೆಯ ಪಿಯೂಸರು 1957ರಲ್ಲೇ ವೈದ್ಯರಿಗೆ ತಿಳಿಸಿದ್ದರು. ಚಿಕಿತ್ಸೆ ನಿಲ್ಲಬಹುದು, ಆರೈಕೆ ನಿಲ್ಲಬಾರದು. ನೋವಿನ ಶಮನ, ಮರೆಗೊಂದು ಪರದೆ, ಒಣಗಿದ ತುಟಿಗೆ ತೇವ, ಹೆಸರು ಹಿಡಿದು ಕರೆಯುವ ದನಿ ಇವೆಲ್ಲ ಸಾಯುತ್ತಿರುವವರಿಗೆ ನಾವು ಸಲ್ಲಿಸಲೇಬೇಕಾದ ಋಣ. ಬಂಧುಗಳೆಲ್ಲರನ್ನೂ ಹೊರಗಿರಿಸದೆ ಒಬ್ಬರನ್ನಾದರೂ ಹತ್ತಿರವಿರಗೊಡಬೇಕೆಂದು ಆಸ್ಪತ್ರೆಗಳಲ್ಲಿ ನಾವು ವಿನಂತಿಸುತ್ತೇವೆ.

ಕುಟುಂಬಗಳಿಗೂ ಹೊಣೆಯಿದೆ. ಹಿರಿಯರ ಇಚ್ಛೆಯನ್ನು ಅವರಿಗೆ ಮಾತಿರುವಾಗಲೇ ಕೇಳಿ ತಿಳಿಯೋಣ. ಗುರುಗಳನ್ನು ಉಸಿರು ನಿಂತ ಮೇಲೆ ಕರೆಯುವುದು ಬೇಡ. ಅಭ್ಯಂಗ ಸಂಸ್ಕಾರವಿರುವುದು ಜೀವಂತರಿಗಾಗಿ. ಶಿಲುಬೆಯ ಬಳಿ ನಿಂತಿದ್ದ ಮಾತೆ ಮರಿಯಮ್ಮನವರು ಮಗನ ಸಾವನ್ನು ತಡೆಯಲಿಲ್ಲ. ಆತನನ್ನು ಬಿಟ್ಟು ಹೋಗಲೂ ಇಲ್ಲ.