ಹೊಸ ಮೀನಿಗೆ ಮೊದಲು ಬೇರೆ ಮನೆ

ದಸರಾ ರಜೆಗೆ ಬೆಂಗಳೂರಿನ ಸೋದರಮಾವನ ಮನೆಗೆ ಹೋದ ಹೊಸಪೇಟೆಯ ಹುಡುಗನೊಬ್ಬ ಮರಳುವಾಗ ಎರಡು ಮೀನು ತರುತ್ತಾನೆ ಎನ್ನಿ. ಆಮ್ಲಜನಕ ತುಂಬಿ ರಬ್ಬರ್ ಬ್ಯಾಂಡ್ ಬಿಗಿದ ಪ್ಲಾಸ್ಟಿಕ್ ಚೀಲ. ರಾತ್ರಿಯಿಡೀ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಅದಕ್ಕೆ ಕಾವಲು. ಬೆಳಿಗ್ಗೆ ಮನೆಗೆ ಬಂದವನು ಮುಖ ತೊಳೆಯುವುದಕ್ಕೂ ಮೊದಲೇ ಚೀಲ ಬಿಚ್ಚಿ ಮೀನುಗಳನ್ನು ನಡುಮನೆಯ ಗಾಜಿನ ತೊಟ್ಟಿಗೆ ಬಿಡುತ್ತಾನೆ. ಅಲ್ಲಿ ಎರಡು ವರ್ಷದಿಂದ ಸಾಕಿದ ಐದು ಗೋಲ್ಡ್ ಫಿಶ್‌ಗಳಿವೆ.

ಐದಾರು ದಿನ ಎಲ್ಲವೂ ಸರಿ. ಆಮೇಲೊಂದು ಬೆಳಿಗ್ಗೆ ಮೀನುಗಳ ರೆಕ್ಕೆಯ ಮೇಲೆ ಉಪ್ಪಿನ ಪುಡಿ ಉದುರಿಸಿದಂತೆ ಬಿಳಿ ಚುಕ್ಕೆಗಳು. ಮೀನುಗಳು ಕಲ್ಲಿಗೆ ಮೈ ಉಜ್ಜುತ್ತವೆ, ನೀರಿನ ಮೇಲೆ ಬಂದು ಬಾಯಿ ಬಿಡುತ್ತವೆ, ಆಹಾರ ಮೂಸುವುದಿಲ್ಲ. ಎರಡು ವಾರ ಕಳೆಯುವಷ್ಟರಲ್ಲಿ ತೊಟ್ಟಿ ಖಾಲಿ. ‘ಹೊಸ ಮೀನಿನ ಕಾಲ್ಗುಣ ಸರಿಯಿಲ್ಲ’ ಎನ್ನುತ್ತಾರೆ ಅಜ್ಜಿ. ಮೀನಿಗೆ ಕಾಲೇ ಇಲ್ಲ ಎಂದು ನಗಬೇಡಿ. ಅಜ್ಜಿಯ ಮಾತು ಅರ್ಧ ನಿಜ. ರೋಗ ಬಂದದ್ದು ಹೊಸ ಮೀನಿನ ಜೊತೆಗೇ. ಆದರೆ ತಪ್ಪು ಮೀನಿನದಲ್ಲ. ತಂದ ಮೀನನ್ನು ಕೆಲವು ವಾರ ಬೇರೆ ಇಡಬೇಕೆಂದು ಆ ಹುಡುಗನಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

ಈ ಬಿಳಿಚುಕ್ಕೆ ರೋಗಕ್ಕೆ ಕಾರಣ ಒಂದು ಏಕಕೋಶ ಪರೋಪಜೀವಿ. 1876ರಲ್ಲಿ ಫ್ರಾನ್ಸಿನ ಫೂಕೆ ಎಂಬ ವಿಜ್ಞಾನಿ ಅದಕ್ಕೆ ‘ಇಕ್ತಿಯಾಫ್ತಿರಿಯಸ್ ಮಲ್ಟಿಫಿಲಿಸ್’ ಎಂದು ಹೆಸರಿಟ್ಟರು. ನಾಲಿಗೆ ಹೊರಳದ ಈ ಹೆಸರಿನ ಅರ್ಥ ಸರಳವಾಗಿದೆ: ‘ಬಹುಸಂತಾನದ ಮೀನುಹೇನು’. ನಮಗೆ ಕಾಣುವ ಒಂದೊಂದು ಚುಕ್ಕೆಯಲ್ಲೂ ಒಂದೊಂದು ಜೀವಿ ಮೀನಿನ ಚರ್ಮದ ಒಳಗೆ ಕುಳಿತು ಉಂಡು ಬೆಳೆಯುತ್ತಿರುತ್ತದೆ. ಬೆಳೆದ ಮೇಲೆ ಅದು ಮೀನನ್ನು ಬಿಟ್ಟು ತೊಟ್ಟಿಯ ತಳ ಸೇರಿ, ಸುತ್ತ ಒಂದು ಕೋಶ ಕಟ್ಟಿಕೊಂಡು, ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತಾ ಹೋಗುತ್ತದೆ. ಒಂದೇ ಕೋಶದಿಂದ ನೂರಾರು, ಕೆಲವೊಮ್ಮೆ ಸಾವಿರದಷ್ಟು ಮರಿಗಳು ಹೊರಬಂದು ಈಜುತ್ತವೆ. ಒಂದೆರಡು ದಿನದೊಳಗೆ ಮೀನು ಸಿಕ್ಕರೆ ಬದುಕು, ಸಿಗದಿದ್ದರೆ ಸಾವು. ಗುಡ್ಡದ ಹಳ್ಳವಾದರೆ ಹರಿವ ನೀರು ಅವುಗಳಲ್ಲಿ ಬಹುಪಾಲನ್ನು ಕೊಚ್ಚಿಕೊಂಡು ಹೋಗುತ್ತದೆ. ಎರಡಡಿಯ ಗಾಜಿನ ತೊಟ್ಟಿಯಲ್ಲಿ ಮೀನು ತಪ್ಪಿಸಿಕೊಂಡು ಹೋಗುವುದಾದರೂ ಎಲ್ಲಿಗೆ?

ಔಷಧಿ ಹಾಕಿದರೂ ಮೀನು ಸತ್ತಿತು ಎಂದು ಅನೇಕರು ದೂರುವುದು ಈ ಜೀವನಚಕ್ರ ತಿಳಿಯದೆ. ಚರ್ಮದೊಳಗಿರುವಾಗ ಔಷಧಿ ಅದನ್ನು ತಲುಪುವುದಿಲ್ಲ. ತಳದ ಕೋಶದೊಳಗಿರುವಾಗಲೂ ತಲುಪುವುದಿಲ್ಲ. ಕೋಶ ಒಡೆದು ಈಜುತ್ತಿರುವ ಮರಿಗಳಿಗೆ ಮಾತ್ರ ಏಟು ಬೀಳುತ್ತದೆ. ಕಂಪ್ಲಿಯ ಗದ್ದೆಯವರನ್ನು ಕೇಳಿ: ಒಂದು ಸಲ ಕಳೆ ಕಿತ್ತರೆ ಕಳೆ ಮುಗಿಯಿತೇ? ಮಣ್ಣಿನಲ್ಲಿರುವ ಬೀಜ ಮತ್ತೆ ಮೊಳೆಯುತ್ತದೆ, ಮತ್ತೆ ಕೀಳಬೇಕು. ಇದೂ ಹಾಗೆಯೇ. ಚುಕ್ಕೆ ಮಾಯವಾಯಿತೆಂದು ಮೂರನೆಯ ದಿನ ಔಷಧಿ ನಿಲ್ಲಿಸುವುದು ಒಂದೇ ಸಲ ಕಳೆ ಕಿತ್ತು ಮನೆಗೆ ಹೋದಂತೆ. ಚುಕ್ಕೆ ಮಾಯವಾದ ದಿನವೇ ತಳದಲ್ಲಿ ಸಾವಿರಗಟ್ಟಲೆ ಮರಿಗಳು ಸಿದ್ಧವಾಗುತ್ತಿರಬಹುದು.

ಈ ಚಕ್ರದ ವೇಗವನ್ನು ನಿರ್ಧರಿಸುವುದು ನೀರಿನ ಬಿಸಿ. 25 ಡಿಗ್ರಿಯ ಆಸುಪಾಸಿನಲ್ಲಿ ಒಂದು ಸುತ್ತು ವಾರದೊಳಗೆ ಮುಗಿಯುತ್ತದೆ. 10 ಡಿಗ್ರಿಯ ತಣ್ಣೀರಿನಲ್ಲಿ ತಿಂಗಳಿಗೂ ಹೆಚ್ಚು ಹಿಡಿಯಬಹುದು. 30 ಡಿಗ್ರಿ ದಾಟಿದರೆ ಬಹುತೇಕ ತಳಿಗಳು ಸಂತಾನ ಬೆಳೆಸಲಾರವು. ನಮ್ಮ ಬಿಸಿಲುಸೀಮೆಯಲ್ಲಿ ಏಪ್ರಿಲ್-ಮೇ ತಿಂಗಳು ತಲೆ ಎತ್ತದ ರೋಗ ಕಾರ್ತಿಕದ ಚಳಿಗೆ ಕಾಣಿಸಿಕೊಳ್ಳುವುದು ಇದರಿಂದಲೇ.

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ಖರ್ಚಿಲ್ಲ. ಸೋಪು ಮುಟ್ಟಿಸದ, 20 ಲೀಟರ್ ಹಿಡಿಯುವ ಒಂದು ಟಬ್ಬು, ಗಾಳಿ ಊದುವ ಸಣ್ಣ ಪಂಪು, ಪ್ರತ್ಯೇಕ ಬಲೆ, ಪ್ರತ್ಯೇಕ ಕೊಳವೆ. ನಲ್ಲಿಯ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ತೆರೆದಿಟ್ಟು ಬಳಸಿ. ತಳಕ್ಕೆ ಮರಳು, ಕಲ್ಲು ಬೇಡ. ಅಡಗುತಾಣಕ್ಕೆ ಒಂದು ಪೈಪಿನ ತುಂಡು ಸಾಕು. ಹೊಸ ಮೀನನ್ನು ಕನಿಷ್ಠ ಮೂರು ವಾರ, ಸಾಧ್ಯವಾದರೆ ನಾಲ್ಕು ವಾರ ಅಲ್ಲಿಡಿ. ಆಹಾರ ಕಡಿಮೆ ಹಾಕಿ, ಏಕೆಂದರೆ ಚಿಕ್ಕ ಟಬ್ಬಿನಲ್ಲಿ ಮೀನಿನ ಕಶ್ಮಲದಿಂದ ಅಮೋನಿಯಾ ಬೇಗ ಏರುತ್ತದೆ. ದಿನಕ್ಕೆ ಕಾಲು ಭಾಗ ನೀರನ್ನು ತಳದಿಂದಲೇ ಹೀರಿ ತೆಗೆದು ಹೊಸ ನೀರು ತುಂಬಿಸಿ. ಮೊದಲು ಹಳೆಯ ತೊಟ್ಟಿಯ ಕೆಲಸ, ಆಮೇಲೆ ಟಬ್ಬಿನದು, ಕೊನೆಗೆ ಕೈ ತೊಳೆಯುವುದು. ಈ ಕ್ರಮ ತಪ್ಪಬಾರದು. ಒದ್ದೆ ಬಲೆಯೊಂದೇ ರೋಗ ದಾಟಿಸಲು ಸಾಕು.

ಚುಕ್ಕೆ ಕಂಡರೆ ಗಾಬರಿ ಬೇಡ. ಗೋಲ್ಡ್ ಫಿಶ್, ಗಪ್ಪಿಯಂಥ ಸಿಹಿನೀರಿನ ಮೀನಿಗೆ ಅಡುಗೆಮನೆಯ ಹರಳುಪ್ಪೇ ಮೊದಲ ಔಷಧಿ. ಲೀಟರಿಗೆ 2ರಿಂದ 3 ಗ್ರಾಂ ಲೆಕ್ಕದಲ್ಲಿ, ಕರಗಿಸಿ, ಒಂದು ದಿನದ ಅವಧಿಯಲ್ಲಿ ಸ್ವಲ್ಪಸ್ವಲ್ಪವಾಗಿ ಬೆರೆಸಬೇಕು. ತೆಗೆದ ನೀರಿನ ಬದಲು ಹಾಕುವ ನೀರಿನಲ್ಲೂ ಅದೇ ಪ್ರಮಾಣ ಇರಲಿ. ಪೊರೆ ಇಲ್ಲದ, ಮೀಸೆಯುಳ್ಳ ಮೀನುಗಳು ಉಪ್ಪನ್ನು ಅಷ್ಟಾಗಿ ಸಹಿಸವು. ಅವಕ್ಕೆ ಕಡಿಮೆ ಹಾಕಿ. ಕೊನೆಯ ಚುಕ್ಕೆ ಮಾಯವಾದ ಮೇಲೂ ಒಂದು ವಾರ ಉಪ್ಪು ಮುಂದುವರಿಯಲಿ. ಮೂರು ವಾರದ ಎಣಿಕೆ ಮತ್ತೆ ಸೊನ್ನೆಯಿಂದ ಶುರು.

ಕಣ್ಣಿಗೆ ಕಾಣುವ ಶತ್ರುಗಳೂ ಇವೆ. ಚಪ್ಪಟೆ ಬಿಲ್ಲೆಯಂಥ ಮೀನುಹೇನು ಅರ್ಗ್ಯುಲಸ್, ದಾರದ ತುಂಡಿನಂತೆ ನೇತಾಡುವ ಲರ್ನಿಯಾ. ಕಟ್ಲಾ, ರೋಹು ಸಾಕುವವರಿಗೆ ಇವೆರಡೂ ಹಳೆಯ ಪರಿಚಯ. ಅರ್ಗ್ಯುಲಸ್ ತನ್ನ ಮೊಟ್ಟೆಗಳನ್ನು ಕಲ್ಲು, ಕಟ್ಟಿಗೆಗೆ ಅಂಟಿಸುವುದರಿಂದ, ಕೃಷಿಕರು ಕೊಳದಲ್ಲಿ ಬಿದಿರು ನೆಟ್ಟು, ಮೊಟ್ಟೆ ಅಂಟಿದ ಮೇಲೆ ತೆಗೆದು ಬಿಸಿಲಿಗೆ ಒಣಗಿಸುವುದುಂಟು.

ಇನ್ನು ಸಮುದ್ರದ ಮೀನು. 2003ರಲ್ಲಿ ‘ಫೈಂಡಿಂಗ್ ನೀಮೋ’ ಚಿತ್ರ ಬಂದ ಮೇಲೆ ಬಿಳಿಪಟ್ಟೆಯ ಕೋಡಂಗಿ ಮೀನು ಬೇಕೆನ್ನುವ ಮಕ್ಕಳು ಎಲ್ಲೆಡೆ ಇದ್ದಾರೆ. ಕಡಲಿಂದ ಬಹು ದೂರದ ಹೊಸಪೇಟೆಯಲ್ಲೂ ಉಪ್ಪಿನ ಮಿಶ್ರಣ ಕಲಸಿ ಅದನ್ನು ಸಾಕಲು ಸಾಧ್ಯ. ಆದರೆ ಅಲ್ಲಿ ತಾಳ್ಮೆಯ ಪರೀಕ್ಷೆ ಇನ್ನೂ ಕಠಿಣ. ಕಡಲ ಬಿಳಿಚುಕ್ಕೆಗೆ ಕಾರಣ ‘ಕ್ರಿಪ್ಟೊಕ್ಯಾರಿಯಾನ್’ ಎಂಬ ಬೇರೆಯೇ ಜೀವಿ. 1951ರಲ್ಲಿ ಬ್ರೌನ್ ಅದಕ್ಕೆ ಆ ಹೆಸರಿಟ್ಟರು. ಅದರ ಕೋಶಗಳು ಒಟ್ಟಿಗೆ ಒಡೆಯುವುದಿಲ್ಲ. ಕೆಲವು ಮೂರೇ ದಿನಕ್ಕೆ, ಕೆಲವು ನಾಲ್ಕು ವಾರಕ್ಕೆ, ಒಂದು ಪ್ರಯೋಗದಲ್ಲಿ 72 ದಿನಕ್ಕೆ ಒಡೆದದ್ದೂ ಇದೆ. ರೋಗ ಬಂದ ತೊಟ್ಟಿಯನ್ನು ಹತ್ತು-ಹನ್ನೊಂದು ವಾರ ಮೀನಿಲ್ಲದೆ ಬಿಡಿ ಎಂದು ಅನುಭವಿಗಳು ಹೇಳುವುದು ಇದಕ್ಕಾಗಿ.

ಕಡಲ ಮೀನಿಗೆ ಉಪ್ಪು ಔಷಧಿಯಲ್ಲ; ಅದು ಅದರ ಮನೆ. ಇಲ್ಲಿ ಲೆಕ್ಕ ತಿರುಗುಮುರುಗು, ಉಪ್ಪನ್ನು ಇಳಿಸಬೇಕು. ಲೀಟರಿಗೆ 35 ಗ್ರಾಂನಷ್ಟಿರುವ ಉಪ್ಪನ್ನು ನಿಧಾನವಾಗಿ 15ಕ್ಕೆ ತಂದು ಕೆಲವು ವಾರ ಇಡುವುದು ಒಂದು ದಾರಿ. ತಾಮ್ರದ ಔಷಧಿ ಇನ್ನೊಂದು: ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ. ಅಳತೆ ತುಸು ಏರಿದರೆ ಮೀನಿಗೇ ವಿಷ. ಹವಳ, ಸಿಗಡಿ, ಶಂಖದ ಹುಳುಗಳಿಗಂತೂ ಅಷ್ಟೇ ಸಾಕು ಸಾಯಲು. ಆದ್ದರಿಂದ ಈ ಚಿಕಿತ್ಸೆ ಪ್ರತ್ಯೇಕ ತೊಟ್ಟಿಯಲ್ಲೇ, ದೊಡ್ಡವರ ಕೈಯಲ್ಲೇ ಆಗಬೇಕು. ಮೂರನೆಯ ದಾರಿಗೆ ಔಷಧಿಯೇ ಬೇಡ. ಮೂರು ದಿನಕ್ಕೊಮ್ಮೆ ಮೀನನ್ನು ಶುಭ್ರವಾದ, ಒಣಗಿಸಿಟ್ಟ ಇನ್ನೊಂದು ತೊಟ್ಟಿಗೆ ವರ್ಗಾಯಿಸುವುದು. ಹೀಗೆ ನಾಲ್ಕು ಸಲ. ಮೈಯಿಂದ ಉದುರಿದ ಜೀವಿಗಳು ಮರಿ ಮಾಡುವಷ್ಟರಲ್ಲಿ ಮೀನು ಆ ಮನೆ ಬಿಟ್ಟಿರುತ್ತದೆ.

ಬೇರೆ ಇಡುವುದು ಹೊಸ ವಿದ್ಯೆಯೇನಲ್ಲ. 1377ರಲ್ಲಿ ಆಡ್ರಿಯಾಟಿಕ್ ಕಡಲ ದಂಡೆಯ ರಗೂಸಾ ಪಟ್ಟಣ ಪ್ಲೇಗಿನ ಊರುಗಳಿಂದ ಬಂದವರನ್ನು 30 ದಿನ ಹೊರಗಿಟ್ಟಿತು. ಮುಂದೆ ಅದು 40 ದಿನವಾಯಿತು. ಇಟಲಿಯ ಭಾಷೆಯಲ್ಲಿ ನಲವತ್ತಕ್ಕೆ ‘ಕ್ವಾರಂತಾ’. ‘ಕ್ವಾರಂಟೈನ್’ ಹುಟ್ಟಿದ್ದು ಅಲ್ಲಿ. 2020ರಲ್ಲಿ ಆ ಮಾತು ನಮ್ಮ ಮನೆಮನೆಗೂ ಬಂತು. ವಿದೇಶದಿಂದ ತರಿಸುವ ವನ್ನಾಮೈ ಸಿಗಡಿಯ ತಾಯಿಗಳನ್ನು 2009ರಿಂದ ಚೆನ್ನೈನ ಸರ್ಕಾರಿ ಕೇಂದ್ರದಲ್ಲಿ ಹೀಗೆಯೇ ಬೇರೆ ಇಟ್ಟು ಪರೀಕ್ಷಿಸಲಾಗುತ್ತದೆ.

ಕೊನೆಯ ಮಾತು ಎಲ್ಲಕ್ಕಿಂತ ಮುಖ್ಯ. ರೋಗದ ಮೀನನ್ನು ‘ಪಾಪ, ಬದುಕಿಕೊಳ್ಳಲಿ’ ಎಂದು ಹರಿಯುವ ನೀರಿಗೆ ಬಿಡುವವರಿದ್ದಾರೆ. ಅದು ದಯೆಯಲ್ಲ. ಹೊಸಪೇಟೆಯ ನಡುವೆ ಹರಿಯುವ ಬಸವಣ್ಣ ಕಾಲುವೆಯಾಗಲಿ, ಹಂಪಿಯ ಹೊಲಗಳಿಗೆ ನೀರುಣಿಸುವ ತುರ್ತು ಕಾಲುವೆಯಾಗಲಿ, ಸಂಡೂರಿನ ನಾರಿಹಳ್ಳ ಜಲಾಶಯವಾಗಲಿ ಬರೀ ನೀರಲ್ಲ. ಅಲ್ಲಿ ಊರಿನ ಮೀನುಗಳಿವೆ. 1988ರಲ್ಲಿ ಈಶಾನ್ಯ ರಾಜ್ಯಗಳಲ್ಲಿ ಕಾಣಿಸಿಕೊಂಡ ಮೀನಿನ ಹುಣ್ಣುರೋಗ ಕೆಲವೇ ವರ್ಷಗಳಲ್ಲಿ ಕೇರಳದವರೆಗೂ ಹಬ್ಬಿತು. ಗಾಜು ನೆಕ್ಕಲೆಂದು ಸಾಕುವ ಸಕ್ಕರ್ ಮೀನು ತೊಟ್ಟಿಗಳಿಂದ ಹೊರಬಿದ್ದು ದೇಶದ ಹಲವು ಕೆರೆ-ನದಿಗಳಲ್ಲಿ ಬೇರೂರಿದೆ. ತುಂಗಭದ್ರಾ ಅಣೆಕಟ್ಟಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗಿನ 34 ಕಿಲೋಮೀಟರ್ ನದಿಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಆ ನೀರುನಾಯಿಗೂ ಕಂಪ್ಲಿಯ ಬೆಸ್ತರಿಗೂ ಊಟ ಒಂದೇ ನದಿಯಿಂದ. ಸತ್ತ ಮೀನನ್ನು ಮಣ್ಣಿನಲ್ಲಿ ಹೂಳಿ. ತಾಮ್ರ ಹಾಕದ ತೊಟ್ಟಿಯ ನೀರನ್ನು ಕಾಲುವೆಯಿಂದ ದೂರ, ಒಣನೆಲಕ್ಕೆ ಚೆಲ್ಲಿ.

ತಂದೆ-ತಾಯಂದಿರೇ, ಮಗು ಮೀನು ಬೇಕೆಂದರೆ ಕೊಡಿಸಿ. ಆದರೆ ಮೀನಿಗಿಂತ ಮೊದಲು ಟಬ್ಬು ಕೊಡಿಸಿ, ಜೊತೆಗೆ ಒಂದು ನೋಟ್‌ಬುಕ್. ದಿನಕ್ಕೆ ಎರಡು ಸಾಲು ಬರೆಯಲಿ: ಮೀನು ತಿಂದಿತೇ, ಉಸಿರಾಟ ಹೇಗಿದೆ, ಚುಕ್ಕೆ ಇದೆಯೇ. ಇಪ್ಪತ್ತೊಂದು ದಿನ ಹಾಗೆ ನೋಡಿದ ಮಗುವಿಗೆ ಮೀನು ಆಟದ ಸಾಮಾನಾಗಿ ಉಳಿಯುವುದಿಲ್ಲ. ಇಪ್ಪತ್ತೆರಡನೆಯ ದಿನ ಅದನ್ನು ಹಳೆಯ ಸಂಗಾತಿಗಳ ಜೊತೆ ಬಿಡುವಾಗ ಅಜ್ಜಿಯನ್ನೂ ಕರೆಯಿರಿ. ಈ ಸಲ ಕಾಲ್ಗುಣ ಚೆನ್ನಾಗಿರುತ್ತದೆ.